ಉಗಾಂಡಕ್ಕೆ ಹೊರಡುವ ಮುಂಚೆ ಮನೆಯಲ್ಲಿ ಮಾಡಬೇಕಾದ ಕೆಲಸ

ನಮ್ಮ ಸಭೆಯ ಹುಡುಗ ಮತ್ತು ಅವನ ಹೆಂಡತಿ ಬರುವ ಜನವರಿಗೆ ಉಗಾಂಡಕ್ಕೆ ಹೊರಟಿದ್ದಾರೆ. ಮಿಶನ್ ಆಸ್ಪತ್ರೆಯಲ್ಲಿ 3 ವರ್ಷದ ಸೇವೆ. ಮೊನ್ನೆ ಆರಾಧನೆ ಮುಗಿದ ಮೇಲೆ ಹುಡುಗಿ ಹತ್ತಿರ ಬಂದು, "ಆಂಟೀ, ಬ್ಯಾಗಿಗೆ ಏನೇನು ಹಾಕಬೇಕು, ಒಂದು ಪಟ್ಟಿ ಬರೆದು ಕೊಡಿ" ಎಂದಳು. ನಾನು ನರ್ಸ್ ಆಗಿದ್ದವಳು, ನಮ್ಮವರು ಮೇಷ್ಟ್ರು. ಇಬ್ಬರೂ ಸೇರಿ 2004ರಲ್ಲಿ 3 ವರ್ಷಕ್ಕೆ, ಆಮೇಲೆ 2015ರಲ್ಲಿ 2 ವರ್ಷಕ್ಕೆ ಅಲ್ಲಿಗೇ ಹೋಗಿ ಬಂದಿದ್ದೇವೆ. ಬ್ಯಾಗಿನ ವಿಷಯ ಆಮೇಲೆ ಹೇಳುತ್ತೇನೆ ಮಗಾ, ಮೊದಲು ಮನೆಯ ವಿಷಯ ಕೇಳು ಎಂದೆ. ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ, ಹೊರಡುವವರು ಇನ್ನೂ ಇದ್ದಾರಲ್ವಾ.

ಮೊದಲ ಸಲ ಹೋದಾಗ ನಾವು ಮಂಜೇಶ್ವರದ ಮನೆಯ ಕೀಲಿಕೈಯನ್ನು ಹತ್ತಿರದ ಸಂಬಂಧಿಕರ ಕೈಗೆ ಕೊಟ್ಟು, "ಸ್ವಲ್ಪ ನೋಡಿಕೊಳ್ಳಿ" ಎಂದು ಹೇಳಿ ಹೊರಟೆವು. ಅಷ್ಟೇ ಹೇಳಿದ್ದು. ಎರಡನೇ ಮಳೆಗಾಲದಲ್ಲಿ ಗಾಳಿಗೆ ಮಾಡಿನ ನಾಲ್ಕು ಹಂಚು ಜಾರಿತು. ನೀರು ನೇರ ಕೋಣೆಯ ಮರದ ಕಪಾಟಿನ ಮೇಲೆ ಬಿತ್ತು, ಒದ್ದೆಗೆ ಒರಲೆ (ಗೆದ್ದಲು) ಹತ್ತಿತು, ಒರಲೆ ನನ್ನ ಮದುವೆ ಸೀರೆಯನ್ನೂ ನಮ್ಮವರ ಸರ್ಟಿಫಿಕೇಟುಗಳನ್ನೂ ಅತ್ತೆಯ ಹಳೆಯ ಸತ್ಯವೇದವನ್ನೂ ತಿಂದಿತು. ನೋಡಿಕೊಳ್ಳುತ್ತಿದ್ದವರ ತಪ್ಪು ಇದರಲ್ಲಿ ಏನೂ ಇಲ್ಲ. ಅವರಿಗೆ ಹಂಚು ಜಾರಿದ್ದು ಕಂಡಿತ್ತು. ಆದರೆ ಇನ್ನೊಬ್ಬರ ಮನೆಯ ಮಾಡಿಗೆ ಕೇಳದೆ ಜನ ಹತ್ತಿಸುವುದು ಹೇಗೆ, ದುಡ್ಡು ಯಾರು ಕೊಡುವುದು ಎಂದು ಅವರು ನಮ್ಮ ಕಾಗದಕ್ಕೆ ಕಾದರು. ನಮ್ಮ ಕಾಗದ ಬರುವಾಗ ಜೋರು ಮಳೆಯ ಆಟಿ ತಿಂಗಳು ಮುಗಿದಿತ್ತು.

ಆದ್ದರಿಂದ ನೋಡಿಕೊಳ್ಳಿ ಎಂದರೆ ಸಾಲದು. ಏನು ಮಾಡಬೇಕು, ಎಷ್ಟು ದುಡ್ಡಿನವರೆಗೆ ನಮ್ಮನ್ನು ಕೇಳದೆ ಖರ್ಚು ಮಾಡಬಹುದು, ಆ ದುಡ್ಡು ಎಲ್ಲಿದೆ, ಈ ಮೂರನ್ನೂ ಒಂದು ಹಾಳೆಯಲ್ಲಿ ಬರೆದು ಕೊಡಿ. ಎರಡನೇ ಸಲ ನಾವು ಹಾಗೆ ಮಾಡಿದೆವು. ದುರಸ್ತಿಗೆಂದೇ ಒಂದಿಷ್ಟು ಹಣ ಬೇರೆ ಇಟ್ಟು, ಹಂಚಿನ ಕೆಲಸದವನ ನಂಬರ್, ಕರೆಂಟಿನವನ ನಂಬರ್, ಬಾವಿಯ ಪಂಪು ನೋಡುವವನ ನಂಬರ್ ಎಲ್ಲ ಅದೇ ಹಾಳೆಯಲ್ಲಿ ಬರೆದು ಅಡುಗೆಮನೆ ಬಾಗಿಲಿನ ಹಿಂದೆ ಅಂಟಿಸಿದ್ದೆ. ತೆರಿಗೆ, ಬ್ಯಾಂಕು, ಪಂಚಾಯತಿನ ಕೆಲಸಕ್ಕೆ ಪವರ್ ಆಫ್ ಅಟಾರ್ನಿ ಮಾಡಿಸಿ. ಅದರಲ್ಲಿ ಯಾವ ಯಾವ ಕೆಲಸಕ್ಕೆ ಎಂದು ಬಿಡಿಸಿ ಬರೆಸಿ. ಜಾಗ ಮಾರುವ ಅಧಿಕಾರವನ್ನು ಸುಮ್ನೆ ಅದರೊಳಗೆ ಸೇರಿಸಬೇಡಿ, ಎಷ್ಟೇ ನಂಬಿಕೆಯವರಾದರೂ ಅದರ ಅಗತ್ಯ ಇಲ್ಲ.

ನಮ್ಮ ಕಡೆಯವರಿಗೆ ಇನ್ನೊಂದು ತೊಡಕಿದೆ. ಮಂಜೇಶ್ವರ ಕೇರಳದಲ್ಲಿ ಇರುವುದರಿಂದ ಕಾಗದಗಳು ಹೆಚ್ಚಾಗಿ ಮಲಯಾಳದಲ್ಲಿ ಬರುತ್ತವೆ. ಮನೆ ನೋಡಿಕೊಳ್ಳುವ ಅತ್ತಿಗೆಗೆ ಕನ್ನಡ, ತುಳು ಬಿಟ್ಟು ಬೇರೆ ಓದಲು ಬರುತ್ತಿರಲಿಲ್ಲ. ನಮ್ಮ ಖಾತೆಯ ಬಗ್ಗೆ ಬ್ಯಾಂಕಿನಿಂದ ಬಂದ ಪತ್ರವನ್ನು ಅವರು ಜೋಪಾನವಾಗಿ ಟ್ರಂಕಿನಲ್ಲಿ ಇಟ್ಟಿದ್ದರು, 3 ವರ್ಷ ಆದ ಮೇಲೆ ನನ್ನ ಕೈಗೆ ಕೊಟ್ಟರು. ಈಗ ಫೋನ್ ಇದೆ. ಬಂದ ಪ್ರತಿ ಕಾಗದದ ಫೋಟೊ ತೆಗೆದು ಅದೇ ದಿನ ಕಳಿಸಬೇಕು ಎಂದು ಹೇಳಿ. ಮಲಯಾಳ ಓದುವ ನೆರೆಯವರೊಬ್ಬರ ಹತ್ತಿರವೂ ಮೊದಲೇ ಮಾತಾಡಿಡಿ.

2 ವರ್ಷ ನೀವಾಗಿ ಯಾವ ವ್ಯವಹಾರವನ್ನೂ ಮಾಡದಿದ್ದರೆ ಖಾತೆ ನಿಷ್ಕ್ರಿಯ ಆಗುತ್ತದೆ. ದೀರ್ಘಕಾಲ ಹೊರದೇಶದಲ್ಲಿ ಕೆಲಸಕ್ಕೆ ಇರುವವರು ಉಳಿತಾಯ ಖಾತೆಯನ್ನು ಎನ್‌ಆರ್‌ಒ ಖಾತೆಯಾಗಿ (ಹೊರದೇಶದಲ್ಲಿ ಇರುವವರ ರೂಪಾಯಿ ಖಾತೆ) ಬದಲಿಸಬೇಕು, ಅದನ್ನು ಹೊರಡುವ ಮುಂಚೆಯೇ ಬ್ಯಾಂಕಿಗೆ ಹೋಗಿ ಕೇಳಿಕೊಳ್ಳಿ. ನಾಮಿನಿ ಹೆಸರು ಸರಿ ಇದೆಯಾ ನೋಡಿ. ಊರಿನ ಸಿಮ್ ಸಾಯದ ಹಾಗೆ ರೀಚಾರ್ಜ್ ಮಾಡುತ್ತಾ ಇರಿ, ರೋಮಿಂಗ್ ಇಲ್ಲಿಂದಲೇ ಹಾಕಿಸಿಕೊಂಡು ಹೋಗಿ. ಒಟಿಪಿ ಬರದಿದ್ದರೆ ನಿಮ್ಮ ದುಡ್ಡೇ ನಿಮಗೆ ಸಿಗುವುದಿಲ್ಲ.

ಮನೆ ಮುಚ್ಚುವುದಕ್ಕೂ ಒಂದು ಕ್ರಮ ಇದೆ. ನಿಮ್ಮ ಕೈಯಲ್ಲಿದ್ದರೆ ಮೇ ತಿಂಗಳಲ್ಲಿ ಹೊರಡಬೇಡಿ, ಮಳೆ ಹಿಡಿಯುವ ಹೊತ್ತಿಗೆ ಮನೆ ಬಿಟ್ಟರೆ ಮನಸ್ಸೆಲ್ಲ ಮಾಡಿನ ಮೇಲೆಯೇ ಇರುತ್ತದೆ. ಜನವರಿಗೆ ಹೊರಡುವುದು ಒಳ್ಳೆಯದು. ಬಟ್ಟೆ, ಹಾಸಿಗೆ, ಪುಸ್ತಕ ಎಲ್ಲವನ್ನೂ ಎರಡು ದಿನ ಬಿಸಿಲಿಗೆ ಹಾಕಿ, ಬಿಸಿ ಪೂರ್ತಿ ಆರಿದ ಮೇಲೆಯೇ ಒಳಗೆ ಕಟ್ಟಿಡಿ. ಬಿಸಿ ಇರುವಾಗ ಪ್ಲಾಸ್ಟಿಕ್‌ನಲ್ಲಿ ಸುತ್ತಿದರೆ ಒಳಗೆ ಬೆವರಿ ಬೂಷ್ಟು ಬರುತ್ತದೆ. ರೇಷ್ಮೆ ಸೀರೆಯನ್ನು ಹಳೆಯ ಹತ್ತಿ ಬಟ್ಟೆಯಲ್ಲಿ ಸುತ್ತಿ ನಡುವೆ ಲಾವಂಚದ ಬೇರು ಇಡಿ. ಕಪಾಟನ್ನು ಗೋಡೆಯಿಂದ ಒಂದು ಗೇಣು ಈಚೆ ಎಳೆದು, ಕಾಲಿನ ಅಡಿಗೆ ಕಲ್ಲು ಕೊಡಿ. ಒರಲೆ ಗೋಡೆ, ನೆಲದ ಮೂಲಕವೇ ಬರುವುದು. ಫ್ರಿಜ್ ಪ್ಲಗ್ ತೆಗೆದು, ಒರೆಸಿ, ಬಾಗಿಲನ್ನು ಸ್ವಲ್ಪ ತೆರೆದೇ ಇಡಿ. ಉಪ್ಪಿನಕಾಯಿ ಭರಣಿ, ಕುಚ್ಚಲಕ್ಕಿ, ಬೇಳೆ ಏನನ್ನೂ ಉಳಿಸಬೇಡಿ, ಯಾರಿಗಾದರೂ ಕೊಡಿ. ಮನೆಯನ್ನು ಪೂರ್ತಿ ಮುಚ್ಚಿಯೇ ಬಿಟ್ಟರೆ ಹಾಳಾಗುವುದು ಜಾಸ್ತಿ. ವಾರಕ್ಕೊಮ್ಮೆ ಕಿಟಕಿ ತೆರೆದು, ಗುಡಿಸಿ, ಬಾವಿಯ ಪಂಪನ್ನು 10 ನಿಮಿಷ ಓಡಿಸಲು ಒಬ್ಬರಿಗೆ ಸಂಬಳ ಕೊಟ್ಟು ಹೇಳಿ. ಪುಕ್ಕಟೆ ಮಾಡಿಸಬೇಡಿ. ಅಡಿಕೆ ತೋಟ ಇದ್ದವರು ಮಳೆಗೆ ಮುಂಚೆ ಮದ್ದು ಬಿಡುವುದನ್ನು, ಆಮೇಲೆ 40-45 ದಿನಕ್ಕೆ ಎರಡನೇ ಸಲ ಬಿಡುವುದನ್ನು ಯಾರು ಮಾಡಿಸುತ್ತಾರೆ ಎಂದು ಈಗಲೇ ನಿಶ್ಚಯ ಮಾಡಿ. ಕೊಳೆರೋಗ ನಿಮ್ಮ ಫೋನಿಗೆ ಕಾಯುವುದಿಲ್ಲ.

ಇನ್ನು ಆರೋಗ್ಯ. ಉಗಾಂಡಕ್ಕೆ ಹಳದಿ ಜ್ವರದ ಲಸಿಕೆ ಬೇಕೇ ಬೇಕು. ಹೊರಡಲು ಕಡಿಮೆ ಎಂದರೆ 10 ದಿನ ಮುಂಚೆ ಹಾಕಿಸಿರಬೇಕು. ಕಂಡ ಕಂಡ ಕ್ಲಿನಿಕ್ಕಿನಲ್ಲಿ ಅದನ್ನು ಹಾಕುವುದಿಲ್ಲ, ಸರ್ಕಾರ ಒಪ್ಪಿದ ಕೇಂದ್ರಗಳಲ್ಲಿ ಮಾತ್ರ, ಅಲ್ಲಿ ಕೊಡುವ ಹಳದಿ ಕಾರ್ಡನ್ನು ಪಾಸ್‌ಪೋರ್ಟ್ ಜೊತೆಗೇ ಇಡಬೇಕು. ನಮ್ಮ ಕಾಲದಲ್ಲಿ ಅದು 10 ವರ್ಷಕ್ಕೆ ಇತ್ತು, 2016ರ ಜುಲೈಯಿಂದ ಒಮ್ಮೆ ಹಾಕಿಸಿದರೆ ಜೀವಮಾನಕ್ಕೆ ಆಯಿತು. ವಾಪಸ್ ಬರುವಾಗಲೂ ಆ ಕಾರ್ಡ್ ಬೇಕು, ಇಲ್ಲದಿದ್ದರೆ ಭಾರತದ ವಿಮಾನ ನಿಲ್ದಾಣದಲ್ಲಿಯೇ ತಡೆದು 6 ದಿನದವರೆಗೆ ಕ್ವಾರಂಟೈನಿನಲ್ಲಿ ಇಡಬಹುದು. 60 ದಾಟಿದವರು, ಬಸುರಿಯರು, ಮೊಟ್ಟೆಯ ಅಲರ್ಜಿ ಇರುವವರು ಮೊದಲೇ ಡಾಕ್ಟರಿಗೆ ಹೇಳಿ. ಮಲೇರಿಯಾ ಅಲ್ಲಿ ವರ್ಷವಿಡೀ ಇರುತ್ತದೆ. ಯಾವ ಮಾತ್ರೆ ಎಂದು ಡಾಕ್ಟರ್ ಹೇಳಲಿ, ಕೆಲವನ್ನು ಹೊರಡುವ 2-3 ವಾರ ಮುಂಚೆಯೇ ಶುರು ಮಾಡಬೇಕಾಗುತ್ತದೆ. ಮದ್ದು ಸವರಿದ ಸೊಳ್ಳೆ ಪರದೆಯೊಳಗೆ ಮಲಗುವುದನ್ನು ಒಂದು ರಾತ್ರಿಯೂ ತಪ್ಪಿಸಬೇಡಿ. ಮಲೇರಿಯಾದಲ್ಲಿ ಸಣ್ಣ ಮಕ್ಕಳು ಎಷ್ಟು ಬೇಗ ಕೈ ಬಿಟ್ಟು ಹೋಗುತ್ತಾರೆ ಎಂದು ನಾನು ವಾರ್ಡಿನಲ್ಲಿ ನೋಡಿದ್ದೇನೆ. ಬಿಪಿ, ಶುಗರ್ ಮಾತ್ರೆಗಳನ್ನು ಪ್ಯಾಕೆಟ್ ಸಮೇತ, ಮದ್ದಿನ ಮೂಲ ಹೆಸರು ಬರೆದ ಡಾಕ್ಟರ್ ಚೀಟಿಯ ಜೊತೆ ಒಯ್ಯಿರಿ. ನಮ್ಮ ಕಂಪನಿ ಹೆಸರು ಹೇಳಿದರೆ ಅಲ್ಲಿಯವರಿಗೆ ಗೊತ್ತಾಗುವುದಿಲ್ಲ.

ಟೂರಿಸ್ಟ್ ವೀಸಾದಲ್ಲಿ ಹೋಗಿ ಸೇವೆ ಶುರು ಮಾಡಿ ಎನ್ನುವವರ ಮಾತು ಕೇಳಬೇಡಿ. ಕೆಲಸದ ಪರ್ಮಿಟ್ ಸರಿಯಾಗಿ ಆಗಲಿ, ದೇವರ ಕೆಲಸಕ್ಕೆ ಸುಳ್ಳು ಹೇಳಿ ಗಡಿ ದಾಟುವುದು ಬೇಡ.

ಬ್ಯಾಗಿಗೆ ಬಟ್ಟೆ ಕಡಿಮೆ ಸಾಕು. ಹತ್ತಿ ಸೀರೆ, ಮೊಣಕಾಲಿನ ಕೆಳಗೆ ಬರುವ ಉಡುಪು, ಮುಚ್ಚಿದ ಚಪ್ಪಲಿ. ಬರಿಗಾಲಲ್ಲಿ ನಡೆಯಬೇಡಿ, ಮಣ್ಣಿನ ಚಿಗಟ ಕಾಲಿನ ಚರ್ಮದೊಳಗೆ ಹೊಕ್ಕುತ್ತದೆ. ಇಸ್ತ್ರಿಪೆಟ್ಟಿಗೆ ಮಾತ್ರ ಮರೆಯಬೇಡಿ. ಹೊರಗೆ ಒಣಹಾಕಿದ ಒದ್ದೆ ಬಟ್ಟೆಯ ಮೇಲೆ ಒಂದು ಜಾತಿಯ ನೊಣ ಮೊಟ್ಟೆ ಇಡುತ್ತದೆ, ಆ ಬಟ್ಟೆ ಹಾಕಿಕೊಂಡರೆ ಹುಳ ಚರ್ಮದೊಳಗೆ ಹೋಗಿ ಕುರುವಿನ ಹಾಗೆ ಊದುತ್ತದೆ. ಒಳಉಡುಪು, ಹಾಸಿಗೆ ಬಟ್ಟೆ, ಮಗುವಿನ ಬಟ್ಟೆ ಎಲ್ಲದಕ್ಕೂ ಹೊಲಿಗೆಯ ಮೇಲೆ ಒತ್ತಿ ಬಿಸಿ ಇಸ್ತ್ರಿ ಹಾಕಿ. ಅಲ್ಲಿಯ ಪ್ಲಗ್ಗಿಗೆ ಚೌಕದ ಮೂರು ಕಾಲು, ಎರಡು ಅಡಾಪ್ಟರ್ ಇಟ್ಟುಕೊಳ್ಳಿ. ಸಾಂಬಾರು ಪುಡಿ, ಹುಣಸೆಹುಳಿ, ಹಲಸಿನ ಹಪ್ಪಳ ಒಯ್ಯಬಹುದು. ಕೊಬ್ಬರಿಯನ್ನು ಚೆಕ್-ಇನ್ ಬ್ಯಾಗಿಗೆ ಹಾಕಬೇಡಿ, ಬೇಗ ಬೆಂಕಿ ಹಿಡಿಯುವ ವಸ್ತು ಎಂದು ತೆಗೆಸುತ್ತಾರೆ. ಬೇಳೆ, ಮಸಾಲೆ ರಾಜಧಾನಿ ಕಂಪಾಲದ ಭಾರತೀಯ ಅಂಗಡಿಗಳಲ್ಲಿ ಸಿಗುತ್ತದೆ. ಬಾಳೆಕಾಯಿ ಬೇಯಿಸಿದ ಮಟೋಕೆ ನಮ್ಮ ಬಾಯಿಗೆ ಬೇಗ ಹಿಡಿಸುತ್ತದೆ. ಹಲಸಿನ ಹಣ್ಣೂ ಇದೆ, ಅವರು ಫೆನೆ ಎನ್ನುತ್ತಾರೆ. ಮೊದಲ ಸಲ ಸಂತೆಯಲ್ಲಿ ಆ ಪರಿಮಳ ಬಂದಾಗ ನನಗೆ ಕಣ್ಣು ತುಂಬಿ ಬಂದಿತ್ತು.

ಹೊರಡುವ ಮುಂಚೆ ಅಲ್ಲಿ ಆಡುವ ಲುಗಾಂಡ ಭಾಷೆಯ ನಾಲ್ಕು ಮಾತು ಕಲಿಯಿರಿ. ಓಲಿ ಓಟ್ಯ ಎಂದರೆ ಹೇಗಿದ್ದೀರಿ, ವೆಬಾಲೆ ಎಂದರೆ ಥ್ಯಾಂಕ್ಸ್. ಅಲ್ಲಿ ಯಾರೂ ಕ್ಷೇಮ ಕೇಳದೆ ಕೆಲಸದ ಮಾತು ಎತ್ತುವುದಿಲ್ಲ. ರೋಗಿಯ ಹತ್ತಿರವೂ ಮೊದಲು ಅದನ್ನೇ ಕೇಳಬೇಕು, ಆಮೇಲೆ ಸೂಜಿ.

ಎಲ್ಲಕ್ಕಿಂತ ಕಷ್ಟದ ಮಾತು ಮನೆಯ ಹಿರಿಯರದ್ದು. ಅಪ್ಪ ಅಮ್ಮನಿಗೆ ರಾತ್ರಿ ಎದೆನೋವು ಬಂದರೆ ಯಾರ ಕಾರು, ಯಾವ ಆಸ್ಪತ್ರೆ, ಆಪರೇಷನ್‌ಗೆ ಯಾರು ಸಹಿ ಹಾಕುವುದು ಎಂದು ಅಣ್ಣ ತಮ್ಮಂದಿರು ಎದುರು ಕೂತು ಮಾತಾಡಿ. ತೀರಿಹೋದರೆ ಯಾರು ಬರುವುದು ಎಂದೂ ಮಾತಾಡಿ. ಅಪಶಕುನ ಎಂದು ಬಿಡಬೇಡಿ. ನಮ್ಮ ಅತ್ತೆಯೇ ಈ ಮಾತು ಎತ್ತಿದ್ದರು. "ಮಗ ಬರಲಿ, ನೀನು ಆಸ್ಪತ್ರೆ ಬಿಟ್ಟು ಬರಬೇಡ" ಎಂದಿದ್ದರು. 2016ರಲ್ಲಿ ಅವರು ಹೋದಾಗ ನಮ್ಮವರು ಮೂರನೇ ದಿನಕ್ಕೆ ಊರು ಮುಟ್ಟಿದರು. ವಾಪಸ್ ಟಿಕೆಟಿನ ದುಡ್ಡು ಬೇರೆ ಖಾತೆಯಲ್ಲಿ ಇತ್ತು, ಯಾರ ಹತ್ತಿರವೂ ಕೇಳಬೇಕಾಗಲಿಲ್ಲ. ನಾನು ಆ ದಿನ ವಾರ್ಡಿನಲ್ಲಿ ಕಣ್ಣೀರು ಹಾಕಿದೆ, ಆದರೆ ಬರಲಿಲ್ಲವಲ್ಲ ಎಂದು ಕೊರಗಲಿಲ್ಲ, ಅವರೇ ಹೇಳಿದ್ದರಲ್ವಾ. ನೀವೂ ಆ ದುಡ್ಡನ್ನು ಬೇರೆಯೇ ಇಡಿ, ಮುಟ್ಟಬೇಡಿ.

ಕೀಲಿಕೈಯನ್ನು ಹೊರಡುವ ರಾತ್ರಿ ಗಡಿಬಿಡಿಯಲ್ಲಿ ಕೊಡಬೇಡಿ. ಒಂದು ವಾರ ಮುಂಚೆ ಮನೆ ನೋಡಿಕೊಳ್ಳುವವರನ್ನು ಕರೆದು ಚಾ ಕೊಟ್ಟು, ಜೊತೆಯಲ್ಲಿಯೇ ಮನೆ ಸುತ್ತಿ. ಮೈನ್ ಸ್ವಿಚ್ಚನ್ನು ಅವರೇ ಒಮ್ಮೆ ತೆಗೆದು ಹಾಕಲಿ. ಟ್ಯಾಂಕಿನ ವಾಲ್ವ್ ಯಾವ ಕಡೆಗೆ ತಿರುಗಿಸಿದರೆ ನೀರು ನಿಲ್ಲುತ್ತದೆ ಎಂದು ಬಾಯಲ್ಲಿ ಹೇಳಬೇಡಿ, ಅವರ ಕೈಯಿಂದಲೇ ತಿರುಗಿಸಿ ನೋಡಿಸಿ.