ರ‍್ಯಾಮ್ ಹಾಕಿದ ಮೇಲೆ ಡಿಸ್‌ಪ್ಲೇ ಇಲ್ಲವೇ? ಮೊದಲು ಆ ಸ್ಲಾಟ್ ನೋಡಿ

ಹೊಸ ರ‍್ಯಾಮ್ ಹಾಕಿ ಸ್ವಿಚ್ ಒತ್ತಿದರೆ ಫ್ಯಾನ್ ತಿರುಗುತ್ತದೆ, ಲೈಟ್ ಹತ್ತುತ್ತದೆ, ಮಾನಿಟರ್ ಮಾತ್ರ ಕಪ್ಪು. "ಡೆಡ್ ಪೀಸ್ ಕೊಟ್ಟಿದ್ದಾರೆ ಮಾರಾಯ್ರೆ" ಎಂದು ಹೆಚ್ಚಿನವರು ಸೀದಾ ಅಂಗಡಿಗೆ ಹೊರಡುತ್ತಾರೆ. ಮಂಗಳೂರು, ಉಡುಪಿ ಕಡೆಯ ಮನೆ ಕಂಪ್ಯೂಟರ್‌ಗಳನ್ನು ಬಿಚ್ಚಿ ನೋಡುತ್ತಾ ಬಂದ ನನ್ನ ಅನುಭವದಲ್ಲಿ ಹೊಸ ಸ್ಟಿಕ್‌ಗಿಂತ (ರ‍್ಯಾಮ್‌ನ ಉದ್ದ ಪಟ್ಟಿ) ಅದು ಹೋಗಿ ಕೂತ ಸ್ಲಾಟ್‌ನ, ಅಂದರೆ ಮದರ್‌ಬೋರ್ಡ್ ಮೇಲಿನ ಉದ್ದ ಸೀಳಿನ ತಪ್ಪೇ ಹೆಚ್ಚು.

ಹಳೆಯ ಸ್ಟಿಕ್ ಕಂಪ್ಯೂಟರ್ ಕೊಂಡ ದಿನದಿಂದ ಒಂದೇ ಸ್ಲಾಟ್‌ನಲ್ಲಿ ಬಿಗಿಯಾಗಿ ಕೂತಿರುತ್ತದೆ. ಪಕ್ಕದ ಸ್ಲಾಟ್ ಐದಾರು ಮಳೆಗಾಲವನ್ನು ಬಾಯಿ ತೆರೆದುಕೊಂಡೇ ಕಳೆದಿರುತ್ತದೆ. ಪಣಂಬೂರು, ಉಳ್ಳಾಲ, ಮಲ್ಪೆ, ಕಾಪು ಕಡೆ ಸಮುದ್ರಕ್ಕೆ ಹತ್ತಿರದ ಮನೆಯಾದರೆ ಗಾಳಿಯಲ್ಲಿ ಉಪ್ಪಿನ ಅಂಶ ಬೇರೆ. ಧೂಳಿನ ಜೊತೆ ಒಳಗೆ ಕೂತ ಉಪ್ಪು ಜೂನ್ ಬಂತೆಂದರೆ ತೇವ ಎಳೆದುಕೊಳ್ಳುತ್ತದೆ. ಸ್ಲಾಟ್‌ನೊಳಗಿನ ಪುಟ್ಟ ಸ್ಪ್ರಿಂಗ್‌ಗಳ ಮೇಲೆ ಚಿನ್ನದ ಲೇಪ ಇದೆ, ನಿಜ. ಆದರೆ ಅದು ಬಹಳ ತೆಳು, ಅದರಲ್ಲಿ ಕಣ್ಣಿಗೆ ಕಾಣದ ರಂಧ್ರಗಳಿರುತ್ತವೆ. ಅಡಿಯ ನಿಕ್ಕಲ್, ತಾಮ್ರ ಅಲ್ಲಿಂದ ಕಿಲುಬು ಹಿಡಿಯುತ್ತದೆ. ಹಳೆಯ ತಲೆಮಾರಿನ ಡಿಡಿಆರ್3 ಸ್ಟಿಕ್‌ಗೆ 240 ಪಿನ್, ಅದರ ನಂತರದ ಡಿಡಿಆರ್4ಗೆ 288. ಅಷ್ಟರಲ್ಲಿ ಮುಖ್ಯವಾದ ಒಂದು ಪಿನ್ ಸರಿಯಾಗಿ ತಾಗದಿದ್ದರೂ ಬೋರ್ಡ್ ಮುಂದೆ ಹೋಗುವುದಿಲ್ಲ.

ಹಾಗಾಗಿ ನನ್ನ ಮೊದಲ ಕೆಲಸ ಕಂಪ್ಯೂಟರನ್ನು ಅಪ್‌ಗ್ರೇಡ್‌ಗೆ ಮೊದಲಿದ್ದ ಸ್ಥಿತಿಗೆ ತರುವುದು. ಪ್ಲಗ್ ಕಿತ್ತು, ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಹಿಡಿದು ಒಳಗೆ ಉಳಿದ ಚಾರ್ಜ್ ಹೋಗಲು ಬಿಡಿ. ಬೋರ್ಡ್ ಮೇಲೆ ಲೈಟ್ ಇದ್ದರೆ ಅದು ಪೂರ್ತಿ ಆರಬೇಕು. ಕ್ಯಾಬಿನೆಟ್‌ನ ಪೇಂಟ್ ಇಲ್ಲದ ಲೋಹದ ಜಾಗ ಮುಟ್ಟಿ ಆಮೇಲೆ ಕೈ ಹಾಕಿ. ಹೊಸ ಸ್ಟಿಕ್ ತೆಗೆದು, ಹಳೆಯದನ್ನು ಅದರ ಹಳೆಯ ಸ್ಲಾಟ್‌ಗೇ ಹಾಕಿ ಆನ್ ಮಾಡಿ. ಡಿಸ್‌ಪ್ಲೇ ಬಂದರೆ ಬೋರ್ಡ್, ಪ್ರೊಸೆಸರ್, ಎಸ್‌ಎಂಪಿಎಸ್ (ಪವರ್ ಸಪ್ಲೈ) ಮೇಲಿನ ಅನುಮಾನ ಅಲ್ಲಿಗೇ ಹೆಚ್ಚುಕಡಿಮೆ ಮುಗಿಯಿತು.

ಬಾರದಿದ್ದರೆ ರ‍್ಯಾಮ್ ಒತ್ತುವ ಭರದಲ್ಲಿ ಬೇರೇನೋ ಸಡಿಲವಾಗಿರಬಹುದು. ಒತ್ತುವಾಗ ಬೋರ್ಡ್ ಸ್ವಲ್ಪ ಬಾಗುತ್ತದೆ, ಪಕ್ಕದ 24 ಪಿನ್ ಪವರ್ ಕನೆಕ್ಟರ್ ಒಂದು ಕಡೆ ಏಳುತ್ತದೆ. ಪ್ರೊಸೆಸರ್ ಹತ್ತಿರದ 4 ಅಥವಾ 8 ಪಿನ್ ಕನೆಕ್ಟರ್, ಗ್ರಾಫಿಕ್ಸ್ ಕಾರ್ಡ್, ಹಾರ್ಡ್ ಡಿಸ್ಕ್‌ನ ಸಾಟಾ ಕೇಬಲ್ ಇವನ್ನೆಲ್ಲ ಒಮ್ಮೆ ಒತ್ತಿ ನೋಡಿ. ಗ್ರಾಫಿಕ್ಸ್ ಕಾರ್ಡ್ ಇರುವ ಕಂಪ್ಯೂಟರಿನಲ್ಲಿ ಮಾನಿಟರ್ ಕೇಬಲ್ ಅವಸರದಲ್ಲಿ ಬೋರ್ಡ್‌ನ ಪೋರ್ಟ್‌ಗೆ ಹೋಗಿರುವುದೂ ಉಂಟು. ಆಮೇಲೂ ಇಲ್ಲವೆಂದರೆ ಸಿಎಂಒಎಸ್ ಕ್ಲಿಯರ್ ಮಾಡಬೇಕು, ಅಂದರೆ ಬೋರ್ಡ್ ನೆನಪಿಟ್ಟುಕೊಂಡ ಸೆಟ್ಟಿಂಗ್ ಅಳಿಸಬೇಕು: ಪ್ಲಗ್ ಕಿತ್ತು, ನಾಣ್ಯದಂತಹ ಸಿಆರ್2032 ಸೆಲ್ ತೆಗೆದು, ಐದು ನಿಮಿಷ ಬಿಟ್ಟು ಹಾಕಿ. ಸೆಲ್ ಹೊರಗೆ ಇರುವಾಗಲೇ ಮಲ್ಟಿಮೀಟರ್ ಇಟ್ಟು ನೋಡಿ. ಹೊಸ ಸೆಲ್ 3 ವೋಲ್ಟ್ ಅಥವಾ ತುಸು ಹೆಚ್ಚು ತೋರಿಸುತ್ತದೆ, 2.7ಕ್ಕಿಂತ ಕೆಳಗೆ ಇಳಿದಿದ್ದರೆ ಬದಲಾಯಿಸಿಬಿಡಿ.

ಇನ್ನು ಅಡ್ಡಪರೀಕ್ಷೆ, ಅಂದರೆ ಸ್ಟಿಕ್ ಮತ್ತು ಸ್ಲಾಟ್‌ಗಳನ್ನು ಅದಲುಬದಲು ಮಾಡಿ ನೋಡುವುದು. ಸುರತ್ಕಲ್ ಕಡೆಯ ಒಂದು ಕಂಪ್ಯೂಟರನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ಎಚ್81 ಬೋರ್ಡ್, ನಾಲ್ಕನೇ ತಲೆಮಾರಿನ ಇಂಟೆಲ್ ಐ3 ಪ್ರೊಸೆಸರ್, ಎರಡು ಸ್ಲಾಟ್, ಮೊದಲಿದ್ದದ್ದು 4 ಜಿಬಿ ಡಿಡಿಆರ್3, ಹೊಸದಾಗಿ ಸೇರಿಸಿದ್ದು 8 ಜಿಬಿ. ಎರಡೂ ಹಾಕಿದರೆ ಬಿಟ್ಟು ಬಿಟ್ಟು ಉದ್ದ ಬೀಪ್. ಹಳೆಯದು ಒಂದನೇ ಸ್ಲಾಟ್‌ನಲ್ಲಿ ಒಂದೇ ಇದ್ದರೆ ಸರಿ. ಹೊಸದನ್ನು ಅದೇ ಒಂದನೇ ಸ್ಲಾಟ್‌ಗೆ ಒಂಟಿಯಾಗಿ ಹಾಕಿದಾಗ ಬಯೋಸ್‌ನಲ್ಲಿ (ಬೋರ್ಡ್‌ನದೇ ಸೆಟ್ಟಿಂಗ್ ಪರದೆ) 8192 ಎಂಬಿ ಕಂಡಿತು, ಅಂದರೆ ಹೊಸ ಸ್ಟಿಕ್ ಸರಿಯಿದೆ, ಬೋರ್ಡ್‌ಗೂ ಅದು ಒಗ್ಗಿದೆ. ಹಳೆಯದನ್ನು ಎರಡನೇ ಸ್ಲಾಟ್‌ಗೆ ಒಂಟಿಯಾಗಿ ಹಾಕಿದಾಗ ಅದೇ ಬೀಪ್. ತಪ್ಪು ಎರಡನೇ ಸ್ಲಾಟ್‌ನದ್ದು, ಅಂಗಡಿಗೆ ಹೋಗುವ ಅಗತ್ಯವೇ ಇಲ್ಲವೆಂದು ಇಷ್ಟರಲ್ಲೇ ಗೊತ್ತಾಯಿತು. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಬೇಕು. ಸ್ಟಿಕ್ ಮತ್ತು ಸ್ಲಾಟ್ ಎರಡನ್ನೂ ಒಟ್ಟಿಗೆ ಬದಲಿಸಿದರೆ ಉತ್ತರ ಯಾವುದರದ್ದೆಂದು ತಿಳಿಯುವುದಿಲ್ಲ.

ಬೀಪ್ ಕೇಳಬೇಕಾದರೆ ಬೋರ್ಡ್‌ಗೆ ಪುಟ್ಟ ಸ್ಪೀಕರ್ ಸಿಕ್ಕಿಸಬೇಕು, ಈಗಿನ ಕ್ಯಾಬಿನೆಟ್‌ಗಳಲ್ಲಿ ಅದು ಹೆಚ್ಚಾಗಿ ಬರುವುದಿಲ್ಲ. ಹಲವು ಹೊಸ ಬೋರ್ಡ್‌ಗಳಲ್ಲಿ ಡಿರ‍್ಯಾಮ್ ಎಂದು ಬರೆದ ಎಲ್‌ಇಡಿ ಹತ್ತಿ ನಿಲ್ಲುತ್ತದೆ. ಸೆಕೆಂಡ್ ಹ್ಯಾಂಡ್‌ನಲ್ಲಿ ಸಿಗುವ ಡೆಲ್ ಆಪ್ಟಿಪ್ಲೆಕ್ಸ್‌ನ ಈಚಿನ ಮಾದರಿಗಳಲ್ಲಿ ಪವರ್ ಲೈಟ್ ಮಿಣುಕುವ ಲೆಕ್ಕ ನೋಡಿ: ಎರಡು, ಆಮೇಲೆ ಮೂರು ಸಲ ಮಿಣುಕಿದರೆ ರ‍್ಯಾಮ್ ಕಾಣುತ್ತಿಲ್ಲ; ಎರಡು, ನಾಲ್ಕು ಆದರೆ ರ‍್ಯಾಮ್ ಕೆಟ್ಟಿದೆ; ಎರಡು, ಐದು ಆದರೆ ಆ ಬೋರ್ಡ್‌ಗೆ ಸಲ್ಲದ ರ‍್ಯಾಮ್.

ಕ್ಲೀನ್ ಮಾಡುವ ಮೊದಲು ಸ್ಟಿಕ್ಕನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು ನೋಡಿ. ಸರಿಯಾಗಿ ಕೂತ ಸ್ಟಿಕ್‌ನ ಪ್ರತಿಯೊಂದು ಚಿನ್ನದ ಪಟ್ಟಿಯ ಮೇಲೂ ಸ್ಪ್ರಿಂಗ್ ಉಜ್ಜಿದ ಸಣ್ಣ ಗೀರು ಇರುತ್ತದೆ, ಎಲ್ಲವೂ ಒಂದೇ ಎತ್ತರಕ್ಕೆ. ಒಂದು ತುದಿಯಿಂದ ಇನ್ನೊಂದು ತುದಿಗೆ ಗೀರು ಚಿಕ್ಕದಾಗುತ್ತಾ ಹೋದರೆ ಸ್ಟಿಕ್ ಓರೆಯಾಗಿ ಕೂತಿತ್ತು ಎಂದರ್ಥ. ನಡುವೆ ಎಲ್ಲೋ ಕೆಲವು ಪಟ್ಟಿಗಳಲ್ಲಿ ಗೀರೇ ಇಲ್ಲವಾದರೆ ಅಲ್ಲಿ ಸ್ಪ್ರಿಂಗ್ ಒಳಕ್ಕೆ ಮಡಚಿದೆ, ಇಲ್ಲವೇ ಕಸ ಕೂತಿದೆ. ಕಂದು ಅಥವಾ ಹಸಿರು ಚುಕ್ಕೆ ಇದ್ದರೆ ಅದು ಕಿಲುಬು.

ಸ್ಟಿಕ್‌ಗೆ ಮೆತ್ತಗಿನ ಬಿಳಿ ರಬ್ಬರ್ ಸಾಕು, ಪೆನ್ಸಿಲ್ ಅಳಿಸುವಂಥದ್ದು. ಶಾಯಿ ಅಳಿಸುವ ಗಡುಸು ರಬ್ಬರ್ ಬೇಡ, ಅದರಲ್ಲಿ ಮರಳಿನಂಥ ಕಣಗಳಿರುತ್ತವೆ, ಚಿನ್ನವೇ ಎದ್ದು ಬರುತ್ತದೆ. ಮೇಲಿನಿಂದ ಅಂಚಿನ ಕಡೆಗೆ ಹಗುರವಾಗಿ ಮೂರು ನಾಲ್ಕು ಸಲ ಎಳೆದು, ಪುಡಿ ಝಾಡಿಸಿ, 99 ಪ್ರತಿಶತ ಐಸೋಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಅದ್ದಿದ ನೂಲು ಬಿಡದ ಬಟ್ಟೆಯಿಂದ ಒರೆಸಿ. ಇದನ್ನು ಬೋರ್ಡ್‌ನಿಂದ ದೂರ ಮಾಡಿ, ರಬ್ಬರ್ ಪುಡಿ ಸ್ಲಾಟ್‌ಗೆ ಬಿದ್ದರೆ ಇನ್ನೊಂದು ತಲೆನೋವು.

ಸ್ಲಾಟ್‌ಗೆ ಹೆಚ್ಚು ತಾಳ್ಮೆ ಬೇಕು. ಸೆಲ್ ತೆಗೆದು, ಕ್ಯಾಬಿನೆಟ್ ಮಲಗಿಸಿ, ಮೊದಲು ಬ್ಲೋವರ್‌ನಿಂದ ಒಣ ಧೂಳು ಹಾರಿಸಿ. ನಮ್ಮಲ್ಲಿ ಒಳಗೆ ಇರುವೆ ಗೂಡು, ಹಲ್ಲಿ ಹಿಕ್ಕೆ ಸಿಗುವುದೂ ಹೊಸತಲ್ಲ. ಟಾರ್ಚ್ ಹಾಕಿ ಸಾಲಿನುದ್ದಕ್ಕೂ ನೋಡಿ, ಸ್ಪ್ರಿಂಗ್‌ಗಳೆಲ್ಲ ಒಂದೇ ಗೆರೆಯಲ್ಲಿರಬೇಕು. ಮೆತ್ತನೆಯ ಹಲ್ಲುಜ್ಜುವ ಬ್ರಷ್‌ಗೆ ಅದೇ ಆಲ್ಕೋಹಾಲ್ ಹಚ್ಚಿ ಸ್ಲಾಟ್‌ನ ಉದ್ದಕ್ಕೆ ಉಜ್ಜಿ. ಅಡ್ಡಕ್ಕೆ ಉಜ್ಜಿದರೆ ಸ್ಪ್ರಿಂಗ್ ಸಿಕ್ಕಿಕೊಂಡು ಬಾಗಬಹುದು. ಆಮೇಲೆ ಕ್ಲೀನ್ ಮಾಡಿದ ಹಳೆಯ ಸ್ಟಿಕ್ಕನ್ನು ಅದರಲ್ಲಿ ನಾಲ್ಕೈದು ಸಲ ಹಾಕಿ ತೆಗೆಯಿರಿ. ನಿಜವಾದ ಕ್ಲೀನಿಂಗ್ ಆಗುವುದು ಇಲ್ಲೇ: ಲೋಹಕ್ಕೆ ಲೋಹ ಉಜ್ಜಿ ಕಿಲುಬಿನ ಪೊರೆ ಹರಿಯುತ್ತದೆ. ಸೂಜಿ, ಬ್ಲೇಡ್ ಹತ್ತಿರವೂ ತರಬೇಡಿ. ಸ್ಯಾನಿಟೈಸರ್‌ನಲ್ಲಿ ಗ್ಲಿಸರಿನ್ ಇರುತ್ತದೆ, ಜಿಡ್ಡು ಉಳಿಯುತ್ತದೆ. ಬಾಗಿಲಿನ ಕೀಲಿಗೆ ಹೊಡೆಯುವ ಎಣ್ಣೆ ಸ್ಪ್ರೇಯೂ ಬೇಡ. ಸ್ಪ್ರೇ ಬೇಕೆಂದರೆ ಕಾಂಟ್ಯಾಕ್ಟ್ ಕ್ಲೀನರ್ ಎಂದು ಕೇಳಿ ತನ್ನಿ. ಬೇಸಿಗೆಯಲ್ಲಿ ಅರ್ಧ ಗಂಟೆ ಒಣಗಿದರೆ ಸಾಕು, ಆಟಿಯ (ಜುಲೈ-ಆಗಸ್ಟ್) ಮಳೆಯಲ್ಲಿ ಫ್ಯಾನ್ ಕೆಳಗೆ ಒಂದೆರಡು ಗಂಟೆ ಇಡಿ. ಆ ಎಚ್81 ಬೋರ್ಡ್ ಇಷ್ಟರಲ್ಲೇ ಸರಿಹೋಯಿತು, ಬಯೋಸ್‌ನಲ್ಲಿ 12288 ಎಂಬಿ ಬಂತು.

ಹಾಕುವಾಗ ಎರಡೂ ತುದಿಗೆ ಹೆಬ್ಬೆರಳಿಟ್ಟು ನೇರವಾಗಿ ಒತ್ತಿ. ಡಿಡಿಆರ್4 ಸ್ಟಿಕ್‌ನ ಅಂಚು ತುಸು ಬಾಗಿದ ಆಕಾರದ್ದು, ಎಲ್ಲ ಪಿನ್‌ಗಳು ಒಂದೇ ಕ್ಷಣಕ್ಕೆ ಒಳಹೋಗದಿರಲೆಂದು ಹಾಗೆ ಮಾಡಿದ್ದಾರೆ. ಒಂದೇ ಕಡೆ ಲಾಕ್ ಇರುವ ಬೋರ್ಡ್‌ಗಳಲ್ಲಿ ಲಾಕ್ ಕಡೆ ಕ್ಲಿಕ್ ಎಂದಿತೆಂದು ಬಿಟ್ಟುಬಿಡುತ್ತಾರೆ, ಲಾಕ್ ಇಲ್ಲದ ತುದಿ ಇನ್ನೂ ಮೇಲೇ ಇರುತ್ತದೆ. ನಾಲ್ಕು ಸ್ಲಾಟ್ ಇದ್ದು ಎರಡು ಸ್ಟಿಕ್ ಹಾಕುವುದಾದರೆ ಸಾಮಾನ್ಯವಾಗಿ ಪ್ರೊಸೆಸರ್‌ನಿಂದ ಎಣಿಸಿ ಎರಡನೆಯದು ಮತ್ತು ನಾಲ್ಕನೆಯದು. ಮ್ಯಾನುಯಲ್ ಏನು ಹೇಳುತ್ತದೆಯೋ ಅದೇ ಅಂತಿಮ.

ಇಷ್ಟು ಮಾಡಿಯೂ ಸ್ಲಾಟ್ ಸತ್ತಂತೆಯೇ ಇದ್ದರೆ ಪ್ರೊಸೆಸರ್ ಸಾಕೆಟ್ ನೋಡಬೇಕು. ರ‍್ಯಾಮ್ ಕಂಟ್ರೋಲರ್ ಇರುವುದು ಪ್ರೊಸೆಸರ್ ಒಳಗೇ. ಇಂಟೆಲ್ ಸಾಕೆಟ್‌ನಲ್ಲಿ ಒಂದು ಪಿನ್ ಬಾಗಿದರೂ, ಕೂಲರ್‌ನ ಒಂದು ಮೂಲೆಯ ಪುಷ್ ಪಿನ್ ಎದ್ದು ಒತ್ತಡ ಓರೆಯಾದರೂ ಒಂದು ಚಾನೆಲ್ (ಪ್ರೊಸೆಸರ್‌ನಿಂದ ರ‍್ಯಾಮ್‌ಗೆ ಹೋಗುವ ದಾರಿ) ಪೂರ್ತಿ ಕಾಣೆಯಾಗಬಹುದು. ಮೊದಲು ಕೂಲರ್‌ನ ನಾಲ್ಕೂ ಮೂಲೆ ನೋಡಿ. ಬಾಗಿದ ಪಿನ್ ನೇರ ಮಾಡುವುದನ್ನು ಕೈ ಪಳಗಿದವರಿಗೆ ಬಿಡಿ.

ಅಡ್ಡಪರೀಕ್ಷೆಯಲ್ಲಿ ಹೊಸ ಸ್ಟಿಕ್ ಯಾವ ಸ್ಲಾಟ್‌ನಲ್ಲೂ ಏಳದಿದ್ದರೆ ಅದರ ಲೇಬಲ್ ಓದಿ. ಪಿಸಿ3 ಎಂದರೆ ಡಿಡಿಆರ್3, 1.5 ವೋಲ್ಟ್, ಪಿಸಿ3ಎಲ್ ಆದರೆ 1.35, ಪಿಸಿ4 ಎಂದರೆ ಡಿಡಿಆರ್4, 1.2 ವೋಲ್ಟ್. 12800 ಎಂದರೆ 1600 ವೇಗ, 21300 ಎಂದರೆ 2666, 25600 ಎಂದರೆ 3200. ಆ ಸಂಖ್ಯೆಯ ನಂತರದ ಅಕ್ಷರಗಳನ್ನು ಬಿಡಬೇಡಿ. ಮನೆ ಕಂಪ್ಯೂಟರಿಗೆ ಯು ಇರಬೇಕು. ಆರ್ ಇದ್ದರೆ ಅದು ಸರ್ವರ್‌ನಿಂದ ಕಳಚಿದ ರ‍್ಯಾಮ್. ಸ್ಲಾಟ್‌ಗೆ ಚೆನ್ನಾಗಿಯೇ ಕೂರುತ್ತದೆ, ಕಡಿಮೆ ಬೆಲೆಗೂ ಸಿಗುತ್ತದೆ, ಆದರೆ ಸಾಮಾನ್ಯ ಬೋರ್ಡ್‌ನಲ್ಲಿ ಓಡುವುದಿಲ್ಲ. ಹಾಗೆಯೇ ಆನ್‌ಲೈನ್‌ನಲ್ಲಿ ಸಿಗುವ ಅಗ್ಗದ 8 ಜಿಬಿ ಡಿಡಿಆರ್3ಗಳಲ್ಲಿ ಎಎಂಡಿಗೆ (ಇಂಟೆಲ್‌ನಂತೆಯೇ ಪ್ರೊಸೆಸರ್ ಮಾಡುವ ಕಂಪನಿ) ಮಾತ್ರ ಎಂಬ ಜಾತಿಯೊಂದಿದೆ. ಇಂಟೆಲ್ ಬೋರ್ಡ್‌ನಲ್ಲಿ ಅದು ಏಳುವುದಿಲ್ಲ, ಎಷ್ಟು ಉಜ್ಜಿದರೂ.

ವೇಗ ಬೇರೆ ಬೇರೆ ಇರುವ ಎರಡು ಸ್ಟಿಕ್ ಹಾಕಿದರೆ ಬೋರ್ಡ್ ಎರಡರಲ್ಲಿ ಕಡಿಮೆಯದಕ್ಕೆ ಇಳಿಯುತ್ತದೆ, ಅದು ದೋಷವಲ್ಲ. ಎಚ್410 ಬೋರ್ಡ್‌ನಲ್ಲಿ ಐ3-10100 ಇದ್ದರೆ 3200ರ ಸ್ಟಿಕ್ ಕೂಡ 2666ರಲ್ಲೇ ಓಡುತ್ತದೆ. ತೊಂದರೆ ಬರುವುದು ಹಳೆಯ ಸೆಟ್ಟಿಂಗ್‌ನಲ್ಲಿ ಎಕ್ಸ್‌ಎಂಪಿ (ರ‍್ಯಾಮನ್ನು ಹೆಚ್ಚು ವೇಗದಲ್ಲಿ ಓಡಿಸುವ ಆಯ್ಕೆ) ಆನ್ ಇದ್ದಾಗ: ಒಂದು ಸ್ಟಿಕ್‌ನ ವೇಗವನ್ನು ಇನ್ನೊಂದರ ಮೇಲೆ ಹೇರಿದಂತಾಗುತ್ತದೆ. ಹಳೆಯ ಸ್ಟಿಕ್ ಒಂದನ್ನೇ ಇಟ್ಟು ಬಯೋಸ್‌ಗೆ ಹೋಗಿ ಎಕ್ಸ್‌ಎಂಪಿ ಆಫ್ ಮಾಡಿ, ಆಮೇಲೆ ಎರಡನೆಯದನ್ನು ಹಾಕಿ. ಎಎಂಡಿಯ ಮೊದಲ ತಲೆಮಾರುಗಳ ರೈಝನ್ ಪ್ರೊಸೆಸರ್ ಇರುವ ಬೋರ್ಡ್ ಆದರೆ ಬಯೋಸ್ ಅಪ್‌ಡೇಟ್‌ನಿಂದ ನಿಜವಾದ ಪ್ರಯೋಜನ ಇದೆ. ಆದರೆ ಗುಡುಗು ಮಳೆಯ ಸಂಜೆ ಯುಪಿಎಸ್ ಇಲ್ಲದೆ ಆ ಕೆಲಸಕ್ಕೆ ಕೈ ಹಾಕಬೇಡಿ. ಡಿಡಿಆರ್5 ಇರುವ, ಎಎಂಡಿಯ ಹೊಸ ಎಎಂ5 ಸಾಕೆಟ್‌ನ ಬೋರ್ಡ್‌ಗಳ ಕತೆ ಬೇರೆ: ರ‍್ಯಾಮ್ ಬದಲಿಸಿದ ಮೇಲೆ ಮೊದಲ ಸಲ ಟ್ರೈನಿಂಗ್ (ಹೊಸ ಸ್ಟಿಕ್‌ಗೆ ಬೋರ್ಡ್ ಹೊಂದಿಕೊಳ್ಳುವ ಕೆಲಸ) ನಡೆಯುತ್ತದೆ, ಹಲವು ನಿಮಿಷ ಪರದೆ ಕಪ್ಪಾಗಿಯೇ ಇರಬಹುದು. ಕಾಯಿರಿ.

ವಿಂಡೋಸ್ ತೆರೆದುಕೊಂಡು ಆಮೇಲೆ ನೀಲಿ ಪರದೆ ಬರುವುದು, ಬ್ರೌಸರ್‌ನಲ್ಲಿ ಹತ್ತು ಟ್ಯಾಬ್ ತೆರೆದಾಗ ಹ್ಯಾಂಗ್ ಆಗುವುದು ಎರಡನೇ ಬಗೆಯ ತೊಂದರೆ. ಇಲ್ಲಿ ವಿಂಡೋಸ್ ರಿಪೇರಿಗೆ ಹೊರಡಬೇಡಿ. ಕೆಟ್ಟ ರ‍್ಯಾಮ್ ಮೂಲಕ ಬರೆದ ಫೈಲ್ ಕೂಡ ಕೆಡಬಹುದು, ಮದುವೆಯ ಫೋಟೋ ಆಗಲಿ, ಟ್ಯಾಲಿ ಡೇಟಾ ಆಗಲಿ. ಹಾರ್ಡ್ ಡಿಸ್ಕ್‌ನ ಕೇಬಲ್ ಕಳಚಿ, ಮೆಮ್‌ಟೆಸ್ಟ್86 ಪ್ಲಸ್ (ರ‍್ಯಾಮ್ ಪರೀಕ್ಷಿಸುವ ಪ್ರೋಗ್ರಾಂ) ಹಾಕಿದ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ. ಬೂಟ್ ಆಗದಿದ್ದರೆ ಬಯೋಸ್‌ನಲ್ಲಿ ಸೆಕ್ಯೂರ್ ಬೂಟ್ ಆಫ್ ಮಾಡಿ. ಕನಿಷ್ಠ ನಾಲ್ಕು ಪಾಸ್ (ಪೂರ್ತಿ ಸುತ್ತು) ಆಗಬೇಕು. 16 ಜಿಬಿ ಇದ್ದರೆ ಗಂಟೆಗಟ್ಟಲೆ ಹಿಡಿಯುತ್ತದೆ, ರಾತ್ರಿ ಬಿಟ್ಟು ಮಲಗುವುದು ಒಳ್ಳೆಯದು. ಒಂದೇ ಒಂದು ಎರರ್ ಬಂದರೂ ಅದು ಎರರೇ. ಎರಡೂ ಸ್ಟಿಕ್ ಇಟ್ಟಾಗ ಎರರ್ ಬಂದು, ಒಂದೊಂದೇ ಇಟ್ಟಾಗ ಬಾರದಿದ್ದರೆ ಅದು ಜೋಡಿಯ ಸಮಸ್ಯೆ. ವೇಗ ಒಂದು ಮೆಟ್ಟಿಲು ಇಳಿಸಿ ಮತ್ತೆ ಓಡಿಸಿ.

ನೀಲಿ ಪರದೆಯೇ ಇಲ್ಲದೆ ಗಕ್ಕನೆ ರೀಸ್ಟಾರ್ಟ್ ಆಗುತ್ತಿದ್ದರೆ ಇನ್ವರ್ಟರ್ ಹಿಂದೆ ನೋಡಿ. ಮಳೆಗಾಲದಲ್ಲಿ ಕರೆಂಟ್ ಹೋಗಿ ಬರುವ ನಮ್ಮ ಊರುಗಳಲ್ಲಿ ಇದು ರ‍್ಯಾಮ್ ತಲೆಗೆ ಬರುವ ಸುಳ್ಳು ಆರೋಪ. ಇನ್ವರ್ಟರ್‌ನ ಸ್ವಿಚ್ ನಾರ್ಮಲ್‌ನಲ್ಲಿದ್ದರೆ ಬದಲಾಗುವ ಹೊತ್ತಿಗೆ ಕಂಪ್ಯೂಟರ್ ಆಫ್ ಆಗಿಬಿಡುತ್ತದೆ, ಯುಪಿಎಸ್ ಮೋಡ್‌ಗೆ ಹಾಕಬೇಕು. ವಿಂಡೋಸ್‌ನ ಈವೆಂಟ್ ವ್ಯೂವರ್‌ನಲ್ಲಿ ಕರ್ನಲ್ ಪವರ್ 41 ಎಂಬ ದಾಖಲೆ ತೆರೆದು ಬಗ್‌ಚೆಕ್ ಕೋಡ್ ನೋಡಿ. ಅದು ಸೊನ್ನೆಯಾಗಿದ್ದರೆ ಪವರ್ ಕಡೆಯೇ ಮೊದಲು ಹುಡುಕಿ. "ರ‍್ಯಾಮ್ ಜಾಸ್ತಿ ಆಯಿತು, ಎಸ್‌ಎಂಪಿಎಸ್‌ಗೆ ಲೋಡ್ ತಾಳುವುದಿಲ್ಲ" ಎಂಬ ಮಾತನ್ನು ನಂಬಬೇಡಿ, ಒಂದು ಸ್ಟಿಕ್ ಎಳೆಯುವುದು ಕೆಲವೇ ವ್ಯಾಟ್. ಅನುಮಾನವಿದ್ದರೆ ಮೀಟರ್ ಇಡಿ: 12 ವೋಲ್ಟ್ ಲೈನ್ 11.4ರಿಂದ 12.6ರ ಒಳಗೆ, 5 ವೋಲ್ಟ್ ಲೈನ್ 4.75ರಿಂದ 5.25ರ ಒಳಗೆ ಇರಬೇಕು.

ಎಲ್ಲ ಸರಿಯಿದ್ದೂ ವಿಂಡೋಸ್ 3 ಜಿಬಿ ಚಿಲ್ಲರೆ ಮಾತ್ರ ತೋರಿಸಿದರೆ ಅದು 32 ಬಿಟ್ ವಿಂಡೋಸ್. 64 ಬಿಟ್ ಹಾಕದೆ ದಾರಿಯಿಲ್ಲ.

ಸ್ಟಿಕ್ಕೇ ಕೆಟ್ಟಿದೆ ಎಂದು ಖಾತ್ರಿಯಾದ ಮೇಲೆ ಅಂಗಡಿಗೆ ಹೋಗಿ. ಬಿಲ್ ಜೊತೆ ಎರಡು ಫೋಟೋ ಇರಲಿ: ಆ ಸ್ಟಿಕ್ ಒಂದನ್ನೇ ಸರಿಯಾದ ಸ್ಲಾಟ್‌ನಲ್ಲಿಟ್ಟು ಓಡಿಸಿದ ಮೆಮ್‌ಟೆಸ್ಟ್‌ನ ಕೆಂಪು ಎರರ್ ಸಾಲುಗಳದ್ದು, ಅದೇ ಸ್ಲಾಟ್‌ನಲ್ಲಿ ಹಳೆಯ ಸ್ಟಿಕ್ ಎರರ್ ಇಲ್ಲದೆ ಮುಗಿಸಿದ್ದು. ಸೀರಿಯಲ್ ನಂಬರಿನ ಸ್ಟಿಕ್ಕರ್ ಹರಿದಿರಬಾರದು, ಹರಿದರೆ ವಾರಂಟಿ ಸಿಗುವುದು ಕಷ್ಟ. ಬದಲಿ ಸ್ಟಿಕ್ ಮನೆಗೆ ತಂದ ದಿನವೇ ಅದಕ್ಕೂ ಒಂದು ರಾತ್ರಿ ಮೆಮ್‌ಟೆಸ್ಟ್ ಓಡಿಸಿ, ಹಾರ್ಡ್ ಡಿಸ್ಕ್‌ನ ಕೇಬಲ್ ಆಮೇಲೆ ಸಿಕ್ಕಿಸಿ.