ಯುದ್ಧ ಕಂಡ ಹಿರಿಯರ ಬಗ್ಗೆ ನಾಲ್ಕು ಮಾತು ಬರೆಯೋದು ಹೇಗೆ?

ಮನೆಯ ಹಿರಿಯರು ತೀರಿಕೊಂಡಿದ್ದಾರೆ. ಯುದ್ಧ ಮಾಡಿ ಬಂದವರು, ಸಂಸಾರವೇ ಪ್ರಾಣ ಅಂದುಕೊಂಡವರು, ಭಾನುವಾರದ ಆರಾಧನೆ ತಪ್ಪಿಸದವರು. ಸಮಾಧಿಯ ದಿನ ಮಾತಾಡೋ ಕೆಲಸ ನಿಮ್ಮ ತಲೆಗೆ ಬಂದಿದೆ. ಪೆನ್ನು ಹಿಡಿದ ಕೂಡಲೇ ಬರೋದು ಧೀರ ಯೋಧ, ಆದರ್ಶ ತಂದೆ, ದೈವಭಕ್ತ ಅನ್ನೋ ಪದಗಳು. ಹೊಡೆದು ಹಾಕಿ. ಯಾರ ಬಗ್ಗೆ ಬೇಕಾದರೂ ಹೇಳಬಹುದಾದ ಮಾತು ಅವು, ಅಲ್ವಾ?

ಬರೆಯೋಕೆ ಮುಂಚೆ ಪಾದ್ರಿಗಳಿಗೆ ಒಂದು ಫೋನ್ ಮಾಡಿ. ಕ್ಯಾಥೊಲಿಕ್ ಬಲಿಪೂಜೆಯಲ್ಲಿ ಪ್ರಬೋಧನೆಯ, ಅಂದರೆ ಪಾದ್ರಿಗಳ ಉಪದೇಶದ, ಜಾಗದಲ್ಲಿ ತೀರಿಕೊಂಡವರ ಗುಣಗಾನ ಮಾಡುವಂತಿಲ್ಲ. ಪರಮಪ್ರಸಾದ (ರೊಟ್ಟಿ-ದ್ರಾಕ್ಷಾರಸ ಹಂಚೋದು) ಆದ ಮೇಲೆ, ಕೊನೆಯ ಬೀಳ್ಕೊಡುಗೆ ಪ್ರಾರ್ಥನೆಗೆ ಮುಂಚೆ ಮನೆಯವರೊಬ್ಬರು ಚುಟುಕಾಗಿ ಮಾತಾಡಬಹುದು. ಪ್ರೊಟೆಸ್ಟಂಟ್ ಸಭೆಗಳಲ್ಲಿ ಸಾಮಾನ್ಯವಾಗಿ ಇಷ್ಟು ಬಿಗಿ ಇರಲ್ಲ. ಸೇನೆಯ ಗೌರವ ಇದ್ದರೆ, ನಿಮ್ಮ ಮಾತು ಬ್ಯೂಗಲ್‌ಗಿಂತ ಮುಂಚೆ ಮುಗಿಯಲಿ. ಅಮೆರಿಕದಲ್ಲಿ ಬ್ಯೂಗಲ್‌ನಲ್ಲಿ ನುಡಿಸೋ ಬೀಳ್ಕೊಡುಗೆ ರಾಗ 'ಟ್ಯಾಪ್ಸ್' ಬರೀ 24 ಸ್ವರ, ಆದರೆ ಅದಾದ ಮೇಲೆ ಯಾರ ಮಾತೂ ಕಿವಿಗೆ ಹೋಗಲ್ಲ.

ಆಮೇಲೆ ಅವರ ಹಳೇ ಕಾಗದಪತ್ರದ ಪೆಟ್ಟಿಗೆ ತೆಗೀರಿ. ಸೇವೆಯಿಂದ ಬಿಡುಗಡೆಯಾದ ಪತ್ರ ಸಿಕ್ಕರೆ ದಳ, ಹುದ್ದೆ, ವರ್ಷ ಎಲ್ಲ ಅಲ್ಲೇ ಇರುತ್ತೆ. ಕೆಲವು ದೇಶಗಳ ಪದಕಗಳ ಅಂಚಿನಲ್ಲಿ ನಂಬರ್, ಹೆಸರು ಕೊರೆದಿರುತ್ತಾರೆ. ಆದರೆ ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷ್ ಸೈನಿಕರಿಗೆ ಕೊಟ್ಟ 'ಸ್ಟಾರ್'‌ಗಳನ್ನು, ಅಂದರೆ ನಕ್ಷತ್ರದ ಆಕಾರದ ಪದಕಗಳನ್ನು, ಹೆಸರಿಲ್ಲದೆ ಹಂಚಿದ್ದರು. ಸರ್ಕಾರದ ಹತ್ರ ಎಲ್ಲ ಇರುತ್ತೆ ಅಂತ ಸುಮ್ನೆ ಕೂರಬೇಡಿ. 1973ರಲ್ಲಿ ಸೇಂಟ್ ಲೂಯಿಸ್‌ನ ದಾಖಲೆ ಕಚೇರಿಗೆ ಬೆಂಕಿ ಬಿದ್ದು ಅಮೆರಿಕದ ಸೈನಿಕರ ಸುಮಾರು 1.6ರಿಂದ 1.8 ಕೋಟಿ ಕಡತಗಳು ಹೋದವು.

ಪದಕಕ್ಕಿಂತ ಜಾಸ್ತಿ ಹೇಳೋದು ಅವರ ಬೈಬಲ್. ಒಂದೊಂದೇ ಪುಟ ತಿರುವಿ. ಬೆರಳು ತಾಗಿ ತಾಗಿ ಕಪ್ಪಾದ ಅಂಚು ಯಾವ ಪುಸ್ತಕದ್ದು, ಪೆನ್ಸಿಲ್ ಗೆರೆ ಎಲ್ಲಿದೆ, ಪಕ್ಕದಲ್ಲಿ ತಾರೀಖು ಬರೆದಿದ್ದಾರಾ, ಆ ತಾರೀಖಿನಂದು ಮನೆಯಲ್ಲಿ ಏನಾಗಿತ್ತು, ಮಗು ಹುಟ್ಟಿತ್ತಾ, ಯಾರಾದರೂ ಆಸ್ಪತ್ರೆಯಲ್ಲಿದ್ದರಾ ಅಂತ ಮನೆಯಲ್ಲಿ ಉಳಿದ ದೊಡ್ಡವರನ್ನು ಕೇಳಿ. ಸಂಸಾರ ಮತ್ತು ನಂಬಿಕೆ ಎರಡೂ ಒಂದೇ ಪುಟದಲ್ಲಿ ಸಿಗೋದು ಇಲ್ಲೇ. ಅಂಥದ್ದೊಂದು ಸಿಕ್ಕರೆ ನಿಮ್ಮ ಅರ್ಧ ಮಾತು ಅದರ ಸುತ್ತಲೇ ಇರಲಿ.

ಯುದ್ಧದ ಭಾಗ ಚಿಕ್ಕದಾಗಿರಲಿ. ಅವರು ಎಷ್ಟು ಹೇಳಿದ್ದರೋ ಅಷ್ಟೇ. ಅಡುಗೆ ಮಾಡುತ್ತಿದ್ದರೆ ಅಡುಗೆ, ಲಾರಿ ಓಡಿಸುತ್ತಿದ್ದರೆ ಲಾರಿ. ಬಂದೂಕು ಸೇರಿಸೋದು ಬೇಡ. ಬಾಯಿ ಬಿಡದೇ ಹೋದರಾ? "ಅದರ ಬಗ್ಗೆ ಅವರು ಮಾತಾಡುತ್ತಿರಲಿಲ್ಲ" ಅಂತಲೇ ಹೇಳಿ, ಕೂತವರಿಗೆ ಅರ್ಥವಾಗುತ್ತೆ. ಇನ್ನೊಂದು ವಿಷಯ. ದೇವರೇ ಅವರನ್ನು ಉಳಿಸಿ ಕಳಿಸಿದ ಅಂತ ನಿಮ್ಮ ಕಡೆಯಿಂದ ಹೇಳಬೇಡಿ. ವಾಪಸ್ ಬಾರದವರ ಮನೆಯವರೂ ಅಲ್ಲಿ ಕೂತಿರಬಹುದು. ತೀರಿಕೊಂಡವರೇ ಹಾಗೆ ಹೇಳುತ್ತಿದ್ದರೆ, ಅವರ ಮಾತಲ್ಲೇ ಹೇಳಿ.

ಬೈಬಲ್ ವಚನಕ್ಕೆ ಬಹಳ ಜನ ಯೋಹಾನ 15:13 ಹಿಡಿಯುತ್ತಾರೆ, ಸ್ನೇಹಿತರಿಗಾಗಿ ಪ್ರಾಣ ಕೊಡೋ ಮಾತು. ರಣರಂಗದಲ್ಲೇ ಬಿದ್ದವರಿಗೆ ಅದು ಸರಿ. ವಯಸ್ಸಾಗಿ ಮನೆಯಲ್ಲಿ ಕಣ್ಣು ಮುಚ್ಚಿದವರಿಗೆ 2 ತಿಮೊಥೆಯ 4:7 ಚೆನ್ನಾಗಿ ಹೊಂದುತ್ತೆ: ಹೋರಾಟ ಮುಗಿದಿದೆ, ಓಟ ಮುಗಿದಿದೆ, ನಂಬಿಕೆ ಉಳಿದಿದೆ ಅನ್ನೋ ಅರ್ಥದ್ದು. ಅವರೇ ಗೆರೆ ಎಳೆದ ವಚನ ಇದ್ದರೆ ಇವೆರಡನ್ನೂ ಬಿಡಿ.

ಐದು ನಿಮಿಷ ಸಾಕು. ದೊಡ್ಡ ಅಕ್ಷರದಲ್ಲಿ, ಕಾಗದದ ಒಂದೇ ಬದಿಗೆ ಪ್ರಿಂಟ್ ಹಾಕಿ, ಪುಟಕ್ಕೆ ನಂಬರ್ ಕೊಡಿ. ಹಿಂದಿನ ದಿನ ಜೋರಾಗಿ ಓದಿ ನೋಡಿ; ಗಂಟಲು ಕಟ್ಟೋ ಸಾಲು ಯಾವುದು ಅಂತ ಆಗಲೇ ಗೊತ್ತಾಗುತ್ತೆ. ಅದರ ಪಕ್ಕ ಗುರುತು ಹಾಕಿ. ಇನ್ನೊಂದು ಪ್ರತಿಯನ್ನು ಮುಂದಿನ ಸಾಲಲ್ಲಿ ಕೂರೋ ತಮ್ಮನಿಗೋ ಮಗಳಿಗೋ ಕೊಟ್ಟಿರಿ, ನೀವು ಓದು ನಿಲ್ಲಿಸಿದ ಸಾಲಿನಿಂದ ಅವರು ಮುಂದುವರಿಸಲಿ.