ಜಾರುತ್ತಿದ್ದ ಸಾಕೆಟ್: ನನ್ನ ಅನುಭವ

ಬೈಕಿನ ಸೈಲೆನ್ಸರ್ ಬೋಲ್ಟ್ ತುಕ್ಕು ಹಿಡಿದು ಕೂತಿತ್ತು. ಸೆಟ್ಟಿನಲ್ಲಿದ್ದ 12 ಮೂಲೆಯ ಸಾಕೆಟ್ (ಬೋಲ್ಟಿನ ತಲೆಗೆ ಟೋಪಿಯಂತೆ ಕೂರುವ ಪಾನಾ) ಹಾಕಿ ತಿರುಗಿಸಿದರೆ ಪಟ್ ಅಂತ ಜಾರುತ್ತಿತ್ತು. ಬೋಲ್ಟಿನ ಮೂಲೆಗಳೂ ಸವೆಯತೊಡಗಿದ್ದವು. ಅಂಗಡಿಯಿಂದ 6 ಮೂಲೆಯ 12 ಎಂಎಂ ಸಾಕೆಟ್ ತಂದೆ. ತುಕ್ಕು ಬಿಡಿಸುವ ಎಣ್ಣೆ ಸಿಂಪಡಿಸಿ ರಾತ್ರಿಯೆಲ್ಲ ಬಿಟ್ಟೆ. ಬೆಳಿಗ್ಗೆ ರ‍್ಯಾಚೆಟ್ (ಒಂದೇ ದಿಕ್ಕಿಗೆ ಬಲ ಕೊಡುವ ಸಾಕೆಟ್ ಹಿಡಿ) ಬದಲು ಉದ್ದ ಹಿಡಿಯ ಬ್ರೇಕರ್ ಬಾರ್ ಸಿಕ್ಕಿಸಿ ಮೆಲ್ಲಗೆ ಎಳೆದೆ. ಕಿರ್ರ್ ಅಂತ ಬಿಟ್ಟುಕೊಂಡಿತು! 6 ಮೂಲೆಯದು ಬೋಲ್ಟಿನ ಚಪ್ಪಟೆ ಬದಿಯನ್ನು ಜಾಸ್ತಿ ಅಗಲಕ್ಕೆ ಒತ್ತಿ ಹಿಡಿಯುತ್ತದೆ, ಅದಕ್ಕೇ ಜಾರುವುದು ಕಡಿಮೆ.

ಮನೆಗೆ ದೊಡ್ಡ ಪೆಟ್ಟಿಗೆ ಸುಮ್ನೆ ಯಾಕೆ? ಸಾಕೆಟ್ ಕೂರುವ ಚೌಕ ಮೊನೆ 3/8 ಇಂಚು ಇರುವ ರ‍್ಯಾಚೆಟ್, 8ರಿಂದ 19 ಎಂಎಂ ತನಕ 6 ಮೂಲೆಯ ಸಾಕೆಟ್‌ಗಳು, ಆಳಕ್ಕೆ ತಲುಪಲು ಒಂದು ಎಕ್ಸ್‌ಟೆನ್ಷನ್ ಸಾಕು. 10 ಎಂಎಂನಲ್ಲಿ ಉದ್ದನೆಯ ಸಾಕೆಟ್ಟೂ ಇರಲಿ. ನಟ್ಟಿನಾಚೆ ಸ್ಟಡ್ (ನಟ್ಟು ಕೂರುವ ಮರೆಯಿರುವ ಸರಳು) ಉದ್ದಕ್ಕೆ ಚಾಚಿದ್ದರೆ ಗಿಡ್ಡ ಸಾಕೆಟ್ ನಟ್ಟಿನ ತನಕ ಇಳಿಯುವುದೇ ಇಲ್ಲ.